ಉದ್ರಿ ಚೋಪಡಿಯ ಲೆಕ್ಕ

ಸೋಮವಾರ, ಗುರುವಾರ ನಮ್ಮ ಬ್ಯಾಡಗಿಯ ಎಪಿಎಂಸಿಯಲ್ಲಿ ಮೆಣಸಿನಕಾಯಿ ಟೆಂಡರ್. ಸುಗ್ಗಿಯ ದಿನಗಳಲ್ಲಿ ಊರಿಗೆ ಊರೇ ಘಾಟು. ಹೊಸಬರು ಕೆಮ್ಮುತ್ತಾರೆ, ನಾವು ಕಿರಾಣಿ ಅಂಗಡಿಯವರು ಉದ್ರಿ ಚೋಪಡಿ ತೆಗೆಯುತ್ತೇವೆ. ಮಳೆಗಾಲದಲ್ಲಿ ಬರೆದಿಟ್ಟ ಬಾಕಿ ವಾಪಸು ಬರುವ ಕಾಲ ಅದು.

ಅಂಗಡಿ ಇಟ್ಟವರು ನನ್ನ ಮಾವ. ಅವರಿಗೆ ಮೊಣಕಾಲು ನೋವು ಹೆಚ್ಚಾದ ಮೇಲೆ ಗಲ್ಲೆಯ ಮೇಲೆ ನಾನು ಕೂತೆ. ‘ಮಾರೂದು ಯಾರಿಗರ ಬರ್ತೈತವ್ವಾ, ವಸೂಲಿ ಕಲಿ’ ಎಂದಿದ್ದರು. ಈಗಲೂ ಈ ಕಸುಬಿನಲ್ಲಿ ಕಲಿಯಬೇಕಾದದ್ದು ಅದೊಂದೇ ಎನಿಸುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ಇಲ್ಲಿನ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದಲೂ ಲಾರಿಗಟ್ಟಲೆ ಮಾಲು ಬರುತ್ತದೆ. ಸುತ್ತಲಿನ ಹೊಲಗಳನ್ನು ಗೋವಿನಜೋಳ ಆವರಿಸಿಕೊಂಡಿದೆ. ಹಾಗಾಗಿ ನನ್ನ ಗಿರಾಕಿಗಳಲ್ಲಿ ಮೆಣಸಿನಕಾಯಿ ಬೆಳೆಯುವವರು ಕಡಿಮೆ. ಅದರ ಚೀಲ ಹೊತ್ತು, ತೊಟ್ಟು ಬಿಡಿಸಿ ಬದುಕುವವರೇ ಜಾಸ್ತಿ. ಹಮಾಲರು, ಕೂಲಿ ಹೆಣ್ಣುಮಕ್ಕಳು, ಗಾಡಿ ಹೊಡೆಯುವವರು. ಸುಗ್ಗಿಯಲ್ಲಿ ಅವರ ಕೈಯಲ್ಲಿ ರೊಕ್ಕ ಆಡುತ್ತದೆ. ಜೂನ್‌ನಿಂದಾಚೆ ಕೈಗೆ ಕೆಲಸ ಕಡಿಮೆ, ಬಾಯಿಗೆ ರಜೆ ಇಲ್ಲ. ಅದೇ ಹೊತ್ತಿಗೆ ಶಾಲೆ ಶುರು; ಫೀ, ಪಾಟಿಚೀಲ, ಬೂಟು. ಅಕ್ಕಿ, ಎಣ್ಣೆ, ಬೇಳೆ ಚೋಪಡಿಗೆ ಏರುತ್ತವೆ.

ಈಗ ನನ್ನ ಕಡೆಯ ಲೆಕ್ಕ ನೋಡಿ. ಸೋಪು, ಬಿಸ್ಕೀಟಿನ ಏಜೆನ್ಸಿಯವರು ನನಗೆ ಕೊಡುವ ಗಡುವು ಒಂದು ವಾರ, ಬಹಳವಾದರೆ ಎರಡು. ನಾನು ಗಿರಾಕಿಗೆ ಕೊಡುವ ಗಡುವು ಸುಗ್ಗಿಯವರೆಗೆ. ಆ ನಡುವಿನ ತಿಂಗಳುಗಳನ್ನು ಯಾರಾದರೂ ತುಂಬಲೇಬೇಕಲ್ಲ, ಅದು ಅಂಗಡಿಯವರ ಪಾಲು. ಬಡ್ಡಿ ಹಾಕುವುದಿಲ್ಲ. ಆದರೆ ಸತ್ಯ ಹೇಳಬೇಕು: ಉದ್ರಿ ಗಿರಾಕಿ ಚೌಕಾಸಿ ಮಾಡುವುದಿಲ್ಲ, ಎಂಆರ್‌ಪಿಗೇ ಒಯ್ಯುತ್ತಾರೆ. ನಗದು ಕೊಡುವವರಿಗೆ ಒಂದೆರಡು ರೂಪಾಯಿ ಬಿಡುತ್ತೇನೆ. ಅದನ್ನೇ ಬಡ್ಡಿ ಅನ್ನುವುದಾದರೆ ಅನ್ನಿ.

ನನ್ನ ಕೆಲವು ಕಟ್ಟುಪಾಡುಗಳಿವೆ. ಬೀಡಿ, ಗುಟ್ಕಾ ಉದ್ರಿ ಇಲ್ಲ. ಖಾತೆ ಬರೆಯುವುದು ಮನೆಯ ಹೆಂಗಸಿನ ಹೆಸರಿನಲ್ಲಿ. ಗಂಡ ಬಂದು ‘ಬರಕೋರಿ’ ಎಂದರೆ ‘ಅಕ್ಕಾರನ್ನ ಕಳಸ್ರಿ’ ಎನ್ನುತ್ತೇನೆ. ಹಬ್ಬದ ದಿನ, ನಾಲ್ಕು ಜನರ ಎದುರು ಬಾಕಿ ಕೇಳುವುದಿಲ್ಲ. ಬಾಕಿ ಉಳಿದವರು ನಾಚಿ ಬೇರೆ ಓಣಿಯಿಂದ ಹೋಗತೊಡಗಿದರೆ ರೊಕ್ಕದ ಜತೆ ಗಿರಾಕಿಯೂ ಹೋದಂತೆಯೇ. ಅದಕ್ಕೇ ಅಂಥವರು ಎದುರಾದರೆ ಬಾಕಿ ಮಾತೆತ್ತದೆ, ‘ಯಾಕವ್ವಾ, ಈ ಕಡೆ ಬರೋದನ್ನ ಬಿಟ್ಟೀಯಲ್ಲ’ ಎಂದು ಕರೆಯುತ್ತೇನೆ. ಬರುತ್ತಾರೆ. ಐವತ್ತೋ ನೂರೋ ಕೊಟ್ಟು ಖಾತೆ ಜೀವಂತ ಇಡುತ್ತಾರೆ.

ಲೆಕ್ಕ ತಪ್ಪುವುದು ಪೇಟೆ ಕೈಕೊಟ್ಟಾಗ. 2024ರ ಮಾರ್ಚ್ 11ರಂದು ದರ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಆ ನಂತರ ಕೆಲಸ ನಿಂತ ದಿನಗಳ ಕೂಲಿ ಟಿವಿಯಲ್ಲಿ ಬರಲಿಲ್ಲ, ನನ್ನ ಚೋಪಡಿಯಲ್ಲಿ ಬಂತು. ಆ ವರ್ಷದ ಉದ್ರಿ ಯುಗಾದಿಗೂ ತೀರಲಿಲ್ಲ. ಏಜೆನ್ಸಿಯವರ ಬಿಲ್ಲಿಗೆ ನನ್ನ ಬಳೆ ಅಡವಿಗೆ ಹೋದವು.

ಸರಕಾರದ ಯೋಜನೆಗಳು ನಮಗೆ ಲಾಭ, ನಷ್ಟ ಎರಡೂ ಮಾಡಿವೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ವಾರ ಹೆಣ್ಣುಮಕ್ಕಳು ತಾವಾಗಿ ಬಂದು ಬಾಕಿ ಚುಕ್ತಾ ಮಾಡುತ್ತಾರೆ. ಅದೇ ವರ್ಷದ ಶಕ್ತಿ ಯೋಜನೆಯಿಂದ ಅವರಿಗೆ ಬಸ್ಸು ಪುಕ್ಕಟೆ. ನಗದು ಇದ್ದವರು ಹಾವೇರಿ, ರಾಣೆಬೆನ್ನೂರಿನ ಮಾರ್ಟ್‌ಗಳಿಗೆ ಹೋಗಿ ಬರುತ್ತಾರೆ. ಉದ್ರಿ ಮಾತ್ರ ನನ್ನಲ್ಲಿ!

ತೆರಿಗೆಯ ಸಂಗತಿಯನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅಂಗಡಿಯವರೇ ಇದನ್ನು ತಪ್ಪು ತಿಳಿದಿದ್ದಾರೆ. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅದು ಲಾಭವಲ್ಲ, ಒಟ್ಟು ವಹಿವಾಟು. ದಿನಕ್ಕೆ 11,000 ರೂಪಾಯಿ ವ್ಯಾಪಾರವಾದರೆ ದಾಟಿತು. ನೂರಕ್ಕೆ ಎಂಟು ಉಳಿದರೂ ವರ್ಷಕ್ಕೆ 3.20 ಲಕ್ಷ, ಅದರಲ್ಲೇ ಬಾಡಿಗೆ, ಕರೆಂಟು, ಇಲಿ ಕಡಿದ ಚೀಲ ಎಲ್ಲ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ನಮ್ಮ ಜಿಲ್ಲೆಯಲ್ಲಿ ತರಕಾರಿ ಮಾರುವವರಿಗೂ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಕ್ಯುಆರ್ ಕೋಡು ಹರಿದು ‘ನಗದು ಮಾತ್ರ’ ಎಂದು ಬರೆದವರನ್ನು ನೋಡಿದೆ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿ ಎಂದು ಆಮೇಲೆ ಮುಖ್ಯಮಂತ್ರಿ ಹೇಳಿದರು. ನಾನು ಕ್ಯುಆರ್ ಹರಿಯಲಿಲ್ಲ. 1.5 ಕೋಟಿಯೊಳಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ: ತೆರಿಗೆ ಇರುವ ಸರಕಿನ ವಹಿವಾಟಿನ ಮೇಲೆ ನೂರಕ್ಕೆ ಒಂದು ರೂಪಾಯಿ, ಮೂರು ತಿಂಗಳಿಗೊಮ್ಮೆ ಕಟ್ಟುವುದು. ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ನಮ್ಮ ಕೈಯಿಂದಲೇ. ಎಂಟರಲ್ಲಿ ಒಂದು ಹೋಗುವುದು ನೋವೇ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಊರಿಗೆ ಮರಳಿ ಅಂಗಡಿ ಇಡುವ ಹುಡುಗರು ಈಗೀಗ ಸಲಹೆ ಕೇಳಿ ಬರುತ್ತಾರೆ. ಕಪಾಟು, ಫ್ರಿಜ್ಜು, ಬೋರ್ಡಿನ ಖರ್ಚನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡೇ ಬಂದಿರುತ್ತಾರೆ. ಆ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಸರಕಿಗೆ ಎಷ್ಟು ಹಾಕುತ್ತೀರೋ ಅಷ್ಟೇ ರೊಕ್ಕ ಉದ್ರಿಗೂ ಬೇರೆ ಇಡಿ. ಅಷ್ಟಿಲ್ಲದಿದ್ದರೆ ಅಂಗಡಿಯನ್ನು ಅರ್ಧ ಮಾಡಿ, ಉದ್ರಿಯ ಪಾಲನ್ನಲ್ಲ.