ಕಲ್ಲು ಗಾಲಿಗೆ, ಸವಾರನಿಗಲ್ಲ

ಡಬಲ್ ಶಾಕರ್ ಸೈಕಲ್ ಎದುರು ನಿಂತವರು ಮೊದಲು ಮಾಡುವ ಕೆಲಸ ಒಂದೇ: ಸೀಟಿನ ಮೇಲೆ ಎರಡೂ ಕೈ ಊರಿ ಅದುಮಿ ನೋಡುವುದು. ಕುಗ್ಗಿ ಮೇಲೆದ್ದರೆ ‘ಪರವಾಗಿಲ್ಲ, ಮೆತ್ತಗಿದೆ’ ಎಂದು ತೀರ್ಪು. ಅಂಗಡಿಯವರೂ ಹಾಗೇ ಅದುಮಿ ತೋರಿಸುತ್ತಾರೆ. ಈ ಪರೀಕ್ಷೆಯಲ್ಲಿ ಗೊತ್ತಾಗುವುದು ಸ್ಪ್ರಿಂಗ್ ಇದೆ ಎಂಬುದಷ್ಟೇ. ಹತ್ತು ಹನ್ನೆರಡು ಸಾವಿರದ ಸೈಕಲ್ಲಿಗೂ ಎರಡು ಮೂರು ಲಕ್ಷದ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕಿಗೂ ಇರುವ ದೊಡ್ಡ ವ್ಯತ್ಯಾಸ ಅಡಗಿರುವುದು ಎಣ್ಣೆ ತುಂಬಿದ ಡ್ಯಾಂಪರಿನಲ್ಲಿ. ಅದು ಏನು ಮಾಡುತ್ತದೆಂದು ಅಂಗಡಿಯ ಟೈಲ್ಸ್ ನೆಲದ ಮೇಲೆ ಕಾಣುವುದಿಲ್ಲ. ಅದಕ್ಕೆ ಕಲ್ಲಿನ ದಾರಿಯೇ ಬೇಕು.

ಬೆಂಗಳೂರಿನ ಸವಾರರು ಹೊಸ ಬೈಕನ್ನು ಅಂಥ ದಾರಿಗೆ ಇಳಿಸುವ ಜಾಗಗಳಲ್ಲಿ ದೇವನಹಳ್ಳಿ ಆಚೆಯ ಆವತಿ ಒಂದು. ಕೆಂಪೇಗೌಡರ ಪೂರ್ವಿಕರು ಬಂದು ನೆಲೆ ನಿಂತ ಊರು. ಸುತ್ತಲ ಗುಡ್ಡಗಳಲ್ಲಿ ಹಾಸುಬಂಡೆ, ಅದರ ಮೇಲೆ ಸಡಿಲವಾದ ಗರಸು, ನಡುವೆ ಮಳೆನೀರು ಕೊರೆದ ಕೊರಕಲು. ಸಸ್ಪೆನ್ಷನ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ.

ಮೊದಲು ಸ್ಯಾಗ್ ವಿಚಾರ. ಸವಾರ ಬೈಕ್ ಹತ್ತಿ ಸುಮ್ಮನೆ ನಿಂತರೂ ಅವನ ತೂಕಕ್ಕೆ ಶಾಕ್ ಒಂದಿಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಗೆ ಸ್ಯಾಗ್ ಎನ್ನುತ್ತಾರೆ. ಇಂಥ ದಾರಿಗೆಂದೇ ಇರುವ ಟ್ರೇಲ್ ಬೈಕಿನಲ್ಲಿ ಹಿಂದಿನ ಶಾಕಿಗೆ ಅದರ ಒಟ್ಟು ಆಟದ ಶೇ 25ರಿಂದ 30, ಮುಂದಿನ ಫೋರ್ಕಿಗೆ ಶೇ 15ರಿಂದ 20 ಇಡುವುದು ರೂಢಿ. ತೂಕಕ್ಕೇ ಇಷ್ಟು ಕುಗ್ಗಿದರೆ ದುಡ್ಡು ಕೊಟ್ಟ ಸಸ್ಪೆನ್ಷನ್‌ನಲ್ಲಿ ಕಾಲುಭಾಗ ದಂಡ ಅಂತ ಕೆಲವರು ಶಾಕಿನೊಳಗೆ ಸ್ಪ್ರಿಂಗ್ ಕೆಲಸ ಮಾಡುವ ಗಾಳಿಯನ್ನು ಬಿಗಿಯಾಗಿ ತುಂಬಿಸಿಕೊಳ್ಳುತ್ತಾರೆ. ಅಲ್ಲೇ ತಪ್ಪುವುದು. ಗಾಲಿ ಕಲ್ಲು ಹತ್ತುವಾಗ ಮೇಲೆ ಹೋಗಬೇಕು, ಕೊರಕಲು ಬಂದಾಗ ಕೆಳಕ್ಕೂ ಚಾಚಬೇಕು. ಮೊದಲೇ ಕುಗ್ಗಿರದಿದ್ದರೆ ಚಾಚಲು ಜಾಗವೆಲ್ಲಿ? ಗಾಲಿ ನೆಲ ಬಿಟ್ಟರೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಸಸ್ಪೆನ್ಷನ್ ಇರುವುದು ಸೊಂಟದ ಸುಖಕ್ಕೆ ಎಂದು ತಿಳಿದವರು ಹೆಚ್ಚು. ಅದರ ಮೊದಲ ಕರ್ತವ್ಯ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದು.

ಈಗ ಒಂದು ಸಣ್ಣ ಲೆಕ್ಕ. ಹಿಂಗಾಲಿ 140 ಮಿಲಿಮೀಟರ್ ಆಡುವ ಬೈಕಿನಲ್ಲಿ ಶೇ 30 ಸ್ಯಾಗ್ ಎಂದರೆ 42 ಮಿ.ಮೀ. ಸ್ಪ್ರಿಂಗ್ ಮೇಲೆ ಕೂತ ತೂಕ ತನ್ನ ಪಾಡಿಗೆ ಎಷ್ಟು ವೇಗದಲ್ಲಿ ಕುಣಿಯುತ್ತದೆ ಎಂಬುದನ್ನು ಈ ಒಂದೇ ಅಳತೆಯಿಂದ ಅಂದಾಜು ಮಾಡಬಹುದು. ಗುರುತ್ವದ 9.8ನ್ನು 0.042ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2.4 ಬಾರಿ. ಇದು ಆ ಬೈಕಿನ ಸಹಜ ಆವರ್ತ.

ಇತ್ತ ದಾರಿಯ ಲೆಕ್ಕ ನೋಡಿ. ಇಳಿಜಾರಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗ, ನಲವತ್ತು ಸೆಂಟಿಮೀಟರಿಗೊಂದು ಕಲ್ಲು ಎಂದುಕೊಂಡರೆ ಗಾಲಿಗೆ ಸೆಕೆಂಡಿಗೆ 14 ಪೆಟ್ಟು. 2.4ರ ಲಯದಲ್ಲಿ ಆಡುವ ಭಾರದ ದೇಹಕ್ಕೆ 14ರ ವೇಗ ಹಿಡಿಯಲು ಆಗುವುದಿಲ್ಲ. ಅದು ಮೇಲೇಳಲು ಶುರುಮಾಡುವಷ್ಟರಲ್ಲಿ ಕಲ್ಲು ದಾಟಿಹೋಗಿರುತ್ತದೆ. ಹಗುರವಾದ ಗಾಲಿ ಮಾತ್ರ ಪಟಪಟನೆ ಮೇಲೆ ಕೆಳಗೆ ಆಡುತ್ತದೆ. ಹಿಂದೆ ಶಾಕ್ ಇಲ್ಲದ ಹಾರ್ಡ್‌ಟೇಲ್ ಬಿಟ್ಟು ಮೊದಲ ಬಾರಿ ಇಂಥ ಬೈಕ್ ಏರಿದವರು ಇಳಿಜಾರು ಮುಗಿಸಿ ‘ದಾರಿ ಇಷ್ಟು ನಯ ಇತ್ತಾ?’ ಎನ್ನುವುದು ಇದಕ್ಕೇ.

ಆದರೆ ಅದೇ 2.4 ಏರುದಾರಿಯಲ್ಲಿ ಶತ್ರುವಾಗುತ್ತದೆ. ಪೆಡಲ್ ಒಂದು ಸುತ್ತು ಬರುವಾಗ ಎಡಗಾಲಿನದೊಂದು, ಬಲಗಾಲಿನದೊಂದು ಒತ್ತು. ನಿಮಿಷಕ್ಕೆ 72 ಸುತ್ತು ತುಳಿದರೆ 144 ಒತ್ತು, ಅಂದರೆ ಸೆಕೆಂಡಿಗೆ ಸರಿಯಾಗಿ 2.4. ಸಾಮಾನ್ಯ ಸವಾರನ ತುಳಿತ ಬೈಕಿನ ಸಹಜ ಆವರ್ತದ ಮೇಲೆಯೇ ಬಂದು ಕೂರುತ್ತದೆ. ಹೀಗೆ ಲಯ ಕೂಡಿದಾಗ ಸಣ್ಣ ಒತ್ತೂ ದೊಡ್ಡ ಕುಣಿತವಾಗುವುದು ಅನುರಣನ. ಕಾಲಿನ ಶಕ್ತಿ ಮುಂದಕ್ಕೆ ಹೋಗುವ ಬದಲು ಸೀಟನ್ನು ಕುಣಿಸುವುದರಲ್ಲಿ ಸೋರುತ್ತದೆ. ಡ್ಯಾಂಪರ್ ಇಲ್ಲದ ಅಗ್ಗದ ಡಬಲ್ ಶಾಕರ್ ಸೈಕಲ್ಲಿನಲ್ಲಿ ಫ್ಲೈಓವರ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡ್ಯಾಂಪರಿನ ಪಾತ್ರ ಇಲ್ಲಿ. ಕಚೇರಿ ಬಾಗಿಲಿನ ಮೇಲಿರುವ ಡೋರ್ ಕ್ಲೋಸರ್‌ನಂತೆಯೇ ಇದರ ತತ್ವ: ತಳ್ಳುವುದು ಸ್ಪ್ರಿಂಗ್, ತಡೆದು ನಿಧಾನಿಸುವುದು ಸಣ್ಣ ತೂತಿನಲ್ಲಿ ನುಸುಳುವ ಎಣ್ಣೆ. ಸವಾರನೂ ಬೈಕೂ ಸೇರಿ 85 ಕಿಲೋ ಭಾರ ಅರ್ಧ ಮೀಟರ್ ಎತ್ತರದಿಂದ ಇಳಿದರೆ ಸುಮಾರು 417 ಜೂಲ್ ಶಕ್ತಿ. ಸ್ಪ್ರಿಂಗ್ ಇದರಲ್ಲಿ ತನ್ನ ಪಾಲನ್ನು ಸಾಲವಾಗಿ ಇಟ್ಟುಕೊಳ್ಳುತ್ತದೆ, ಮರುಕ್ಷಣವೇ ವಾಪಸ್ ಕೊಡಲು ನೋಡುತ್ತದೆ. ಎಣ್ಣೆ ಅದನ್ನು ಬಿಸಿಯಾಗಿಸಿ ಚುಕ್ತಾ ಮಾಡುತ್ತದೆ. ಉದ್ದ ಇಳಿಜಾರು ಮುಗಿದ ಮೇಲೆ ಹಿಂದಿನ ಶಾಕ್ ಮುಟ್ಟಿ ನೋಡಿ, ಬಿಸಿ ತಟ್ಟುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. ಕುಣಿತ ಅಡಗಲೆಂದು ತೂತು ಕಿರಿದು ಮಾಡಿದರೆ ಕಲ್ಲಿನ ಪೆಟ್ಟಿಗೆ ಎಣ್ಣೆ ಬೇಗ ಹರಿಯದೆ ಶಾಕ್ ಕಲ್ಲಿನಷ್ಟೇ ಗಟ್ಟಿಯಾಗುತ್ತದೆ. ಪರಿಹಾರ ಚೊಕ್ಕವಾಗಿದೆ. ತುಳಿತಕ್ಕೆ ಶಾಕಿನ ದಂಡ ನಿಧಾನ ಚಲಿಸುತ್ತದೆ, ಕಲ್ಲಿಗೆ ಸರ್ರನೆ. ನಿಧಾನ ಚಲನೆಗೆ ಕಿರಿದಾದ ದಾರಿ. ವೇಗ ಹೆಚ್ಚಿ ಒತ್ತಡ ಏರಿದಾಗ ಬಾಗಿ ತೆರೆದುಕೊಳ್ಳುವ ತೆಳು ಉಕ್ಕಿನ ಬಿಲ್ಲೆಗಳ ಇನ್ನೊಂದು ದಾರಿ. ಲೋ ಸ್ಪೀಡ್, ಹೈ ಸ್ಪೀಡ್ ಎಂದು ಶಾಕಿನ ಗುಂಡಿಗಳ ಮೇಲೆ ಬರೆದಿರುವುದು ಈ ದಂಡದ ವೇಗವನ್ನು ಕುರಿತು, ಬೈಕಿನ ವೇಗವನ್ನಲ್ಲ. ಹೊಸಬರೇನು, ಹಳಬರೂ ಇಲ್ಲಿ ಎಡವುತ್ತಾರೆ.

ಮೌಂಟನ್ ಬೈಕಿಂಗ್ ಶುರುವಾದಾಗ ಇದ್ಯಾವುದೂ ಇರಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಗುಡ್ಡ ಇಳಿಯುವ ರಿಪ್ಯಾಕ್ ರೇಸ್ ಆರಂಭಿಸಿದವರಿಗೆ ಟೈರೇ ಸಸ್ಪೆನ್ಷನ್. ಹಿಂಗಾಲಿಯ ಹಬ್ ಬ್ರೇಕಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಇಳಿದ ಮೇಲೆ ಹೊಸದಾಗಿ ತುಂಬಬೇಕಿತ್ತು. 1990ರಲ್ಲಿ ಕೊಲೊರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ರಾಕ್‌ಶಾಕ್ಸ್ ಫೋರ್ಕ್ ಹಾಕಿಕೊಂಡು ಡೌನ್‌ಹಿಲ್ ಗೆದ್ದಾಗ ಮುಂಗಾಲಿಯ ವಾದ ಹೆಚ್ಚುಕಡಿಮೆ ಮುಗಿಯಿತು. ಹಿಂಗಾಲಿಯದು ಮುಗಿಯಲು ಇನ್ನೂ ಎರಡು ದಶಕ ಬೇಕಾಯಿತು, ಕಾರಣ ಅದೇ ಕುಣಿತ. ಆಸ್ಟ್ರಿಯಾ ಮೂಲದ ಹಾರ್ಸ್ಟ್ ಲೈಟ್ನರ್‌ನಂಥವರು ಹಿಂಗಾಲಿ ಹಿಡಿಯುವ ಸರಳುಗಳಲ್ಲಿ ಕೀಲುಗಳನ್ನು ಎಲ್ಲಿ ಇಡಬೇಕೆಂದು ತಲೆಕೆಡಿಸಿಕೊಂಡರು. ಕೀಲಿನ ಜಾಗ ಸರಿಯಿದ್ದರೆ, ತುಳಿದಾಗ ತೂಕ ಹಿಂದೆ ಸರಿದು ಶಾಕ್ ಕುಗ್ಗಲು ನೋಡುವುದನ್ನು ಚೈನಿನ ಎಳೆತವೇ ಎದುರಿಸಿ ನಿಲ್ಲಿಸುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿಯಲ್ಲಿ ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ ಚಿನ್ನ ಗೆದ್ದದ್ದು ಫುಲ್ ಸಸ್ಪೆನ್ಷನ್ ಬೈಕಿನ ಮೇಲೆ. ‘ಹಿಂದಿನ ಶಾಕ್ ಶಕ್ತಿ ತಿನ್ನುತ್ತದೆ’ ಎಂಬ ಮಾತು ಆಮೇಲೂ ಕೇಳಿಬರುತ್ತದೆ, ಆದರೆ ಮೊದಲಿನ ಗಟ್ಟಿತನ ಇಲ್ಲ.

ಆವತಿಯ ಗರಸು ಏರಿನಲ್ಲಿ ಹಿಂದಿನ ಶಾಕಿನ ಲಾಭವನ್ನು ಕಣ್ಣಾರೆ ನೋಡಬಹುದು. ಹಾರ್ಡ್‌ಟೇಲಿನ ಹಿಂಗಾಲಿ ಕಲ್ಲು ತಾಕಿ ನೆಗೆದ ಗಳಿಗೆಯಲ್ಲಿ ನೆಲದ ಹಿಡಿತ ಬಿಡುತ್ತದೆ, ಗರ್ರನೆ ತಿರುಗಿ ಗರಸು ಚಿಮ್ಮಿಸಿ ನಿಲ್ಲುತ್ತದೆ. ಫುಲ್ ಸಸ್ಪೆನ್ಷನ್ ಬೈಕ್ ಅದೇ ಕಲ್ಲನ್ನು ಸವರಿಕೊಂಡು ಹತ್ತುತ್ತದೆ.

ಇಷ್ಟಾದರೂ ಮೊದಲ ಸವಾರಿಯಲ್ಲೇ ಬೈಕ್ ಸರಿಯಾಗಿ ಓಡುತ್ತದೆ ಎಂದುಕೊಳ್ಳಬೇಡಿ, ಮೊದಲು ಶಾಕಿನ ಗಾಳಿ ಹೊಂದಿಸಬೇಕು. ಕಾರಿನ ಟೈರಿಗೆ ಮೂವತ್ತು ಚಿಲ್ಲರೆ ಪಿಎಸ್ಐ ಸಾಕು. ಏರ್ ಶಾಕಿನಲ್ಲಿ 200ರ ಆಸುಪಾಸು ಇರುವುದು ಸಾಮಾನ್ಯ. ಅದಕ್ಕೆಂದೇ ಇರುವ ಸಣ್ಣ ಶಾಕ್ ಪಂಪ್ ಜೇಬಿನಲ್ಲಿರಲಿ. ಪಂಪ್ ಕಳಚುವಾಗ ‘ಸುಸ್’ ಎನ್ನುವುದು ಪಂಪಿನ ಕೊಳವೆಯ ಗಾಳಿ, ಶಾಕಿನದಲ್ಲ. ಹೆದರಿ ಮತ್ತೆ ಮತ್ತೆ ಹಾಕಿ ತೆಗೆದರೆ ಪ್ರತಿಸಲವೂ ಕೊಳವೆ ತುಂಬಲು ಶಾಕಿನ ಗಾಳಿಯೇ ಖರ್ಚಾಗುತ್ತದೆ. ದಂಡದ ಮೇಲಿನ ರಬ್ಬರ್ ಉಂಗುರವನ್ನು ಬುಡಕ್ಕೆ ಸರಿಸಿ, ಬೈಕ್ ಹತ್ತಿ ಪೆಡಲ್ ಮೇಲೆ ನಿಂತು, ಅಲುಗಾಡಿಸದೆ ಇಳಿಯಿರಿ. ಉಂಗುರ ಎಲ್ಲಿ ನಿಂತಿದೆಯೋ ಅದು ನಿಮ್ಮ ಸ್ಯಾಗ್. ಬೆಳಗಿನ ಚಳಿಯಲ್ಲಿ ಇಟ್ಟ 200 ಪಿಎಸ್ಐ ಮಧ್ಯಾಹ್ನದ ಬಿಸಿಲಿಗೆ 210 ಆಗಿರಬಹುದು, ಗಾಬರಿ ಬೇಡ.

ಆಮೇಲೆ ರಿಬೌಂಡ್ ಗುಂಡಿ, ಅಂದರೆ ಕುಗ್ಗಿದ ಶಾಕ್ ಮತ್ತೆ ಚಾಚುವ ವೇಗವನ್ನು ಹಿಡಿತದಲ್ಲಿಡುವುದು. ತೀರಾ ಸಡಿಲವಿದ್ದರೆ ಕೊರಕಲು ದಾಟಿದಾಗ ಸೀಟು ಹಿಂದಿನಿಂದ ಒದ್ದಂತೆ ಎತ್ತುತ್ತದೆ. ತೀರಾ ಬಿಗಿಯಾದರೆ, ಮುಂದಿನ ಕಲ್ಲಿಗೆ ಇರುವ ಸೆಕೆಂಡಿನ ಹದಿನಾಲ್ಕನೇ ಒಂದು ಪಾಲಿನಲ್ಲಿ ಗಾಲಿ ಕೆಳಗಿಳಿಯದೆ, ಕಲ್ಲಿನಿಂದ ಕಲ್ಲಿಗೆ ಶಾಕ್ ಕುಸಿಯುತ್ತಾ ಹೋಗಿ ಕಡೆಗೆ ಹಾರ್ಡ್‌ಟೇಲೇ ಆಗಿಬಿಡುತ್ತದೆ. ಹಾಗಾಗಿ ಮೊದಲ ದಿನ ದೂರದ ಆಸೆ ಬಿಟ್ಟು ಕಲ್ಲುದಾರಿಯ ಒಂದೇ ಸಣ್ಣ ತುಂಡನ್ನು ಆರಿಸಿಕೊಳ್ಳಿ. ಗುಂಡಿಯನ್ನು ಎರಡೆರಡು ಕ್ಲಿಕ್ ತಿರುಗಿಸುತ್ತಾ ಅದನ್ನೇ ಇಳಿಯಿರಿ. ಒಂದು ಸಲಕ್ಕೆ ಒಂದೇ ಗುಂಡಿ ಮುಟ್ಟಿ, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮನೆಗೆ ಬಂದ ಮೇಲೆ ಕೀಲುಗಳ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್ ಹಾಕಿ ಪರೀಕ್ಷಿಸಿ, ಹೊಸ ಬೈಕಿನಲ್ಲಿ ಅವು ಮೊದಲ ಸವಾರಿಗೇ ಸಡಿಲಾಗುವುದುಂಟು. ನಮ್ಮ ಕೆಂಪು ಧೂಳು ಶಾಕಿನ ಸೀಲುಗಳನ್ನು ಬೇಗ ತಿನ್ನುತ್ತದೆ. ದಂಡವನ್ನು ಪ್ರತಿ ಸವಾರಿಯ ನಂತರ ಮೆತ್ತನೆ ಬಟ್ಟೆಯಲ್ಲಿ ಒರೆಸಿ, 50 ಗಂಟೆ ಓಡಿಸಿದ ಮೇಲೆ ಏರ್ ಸೀಲಿನ ಸರ್ವಿಸ್ ಮಾಡಿಸಿ.