ಬ್ಯಾಟರಿ ಬದಲಿಸುವ ಮುನ್ನ ಮೀಟರ್ ಹಿಡಿಸಿ

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲೂ ಭದ್ರಾವತಿಯ ಗ್ಯಾರೇಜುಗಳಲ್ಲೂ ಬೈಕ್ ತಳ್ಳಿಕೊಂಡು ಬರುವವರ ಮಾತು ಒಂದೇ: ‘ಅಣ್ಣ, ಸೆಲ್ಫ್ ಹೊಡೀತಿಲ್ಲ. ಬ್ಯಾಟರಿ ಹೋಗಿರ್ಬೇಕು, ಹೊಸದು ಹಾಕ್ಬಿಡಿ.’ ಕಸುಬು ಬಲ್ಲ ಆಟೊ ಎಲೆಕ್ಟ್ರಿಷಿಯನ್ ಸೀಟು ಬಿಚ್ಚಿ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳುತ್ತಾನೆ. ಬ್ಯಾಟರಿ ಖಾಲಿಯಾಗಿರುವುದು ಅವನಿಗೂ ಕಾಣುತ್ತದೆ. ಯಾಕೆ ಖಾಲಿಯಾಯಿತು ಎಂದು ಕಂಡುಹಿಡಿಯುವುದೇ ಅವನ ವಿದ್ಯೆ.

ಇಪ್ಪತ್ತು ಕಿಲೊಮೀಟರ್ ಒಳಗಿನ ಅಂತರದ ಈ ಎರಡು ಊರುಗಳ ನಡುವೆ ಕೆಲಸಕ್ಕೆ, ಕಾಲೇಜಿಗೆ, ಕಾರ್ಖಾನೆಗೆ ದಿನವೂ ಬೈಕಿನಲ್ಲೇ ಓಡಾಡುವವರು ಬಹಳ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾಗಳಲ್ಲಿ ಇದ್ದದ್ದು 6 ವೋಲ್ಟ್ ಬ್ಯಾಟರಿ, ಡೈನಮೊ, ಕಿಕ್ಕರ್. ಇವತ್ತಿನ ಬೈಕಿಗೆ 12 ವೋಲ್ಟ್ ಬೇಕು. 2017ರಿಂದ ಹೊಸ ಗಾಡಿಗಳ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಬಹುಪಾಲು ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು. ಅದರ ಪಂಪಿಗೂ ಕರೆಂಟ್ ಬೇಕು. ಎಷ್ಟೋ ಗಾಡಿಗಳಲ್ಲಿ ಕಿಕ್ಕರೇ ಇಲ್ಲ.

ಪರೀಕ್ಷೆಗೊಂದು ಕ್ರಮವಿದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ ಎಂದರ್ಥ. 12ಕ್ಕಿಂತ ಕೆಳಗಿದ್ದರೆ ಖಾಲಿ. ಚಾರ್ಜ್ ಮಾಡಿದ ಮೇಲೂ 10.5ರ ಸುತ್ತಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿರುವ ಸಾಧ್ಯತೆ ಹೆಚ್ಚು. ಆಮೇಲೆ ಸೆಲ್ಫ್ ಒತ್ತಿ ನೋಡುತ್ತಾರೆ. ನಿಂತಾಗ 12.6 ತೋರಿಸಿದ ಬ್ಯಾಟರಿ ಸೆಲ್ಫ್ ಒತ್ತಿದೊಡನೆ 9ಕ್ಕಿಂತ ಕೆಳಗೆ ಕುಸಿದು, ರಿಲೇ ‘ಟಕ ಟಕ’ ಎಂದರೆ ಅದರಲ್ಲಿ ತ್ರಾಣವಿಲ್ಲ.

ಇನ್ನು ಚಾರ್ಜಿಂಗ್. ಇಂಜಿನ್ ಚಾಲೂ ಮಾಡಿ ರೇಸ್ ಕೊಟ್ಟಾಗ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ಬರಬೇಕು. ಮೇಲೇರದೆ 12ರ ಆಸುಪಾಸಿನಲ್ಲೇ ಉಳಿದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ಆ್ಯಸಿಡ್ ಕುದಿಯುತ್ತಿದೆ. ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಮೂರು ವೈರುಗಳ ಕಪ್ಲರ್ ಬಿಡಿಸಿ, ಎರಡೆರಡರ ನಡುವೆ ಎಸಿ ವೋಲ್ಟೇಜ್ ಅಳೆಯುತ್ತಾರೆ. ಮೂರೂ ಅಳತೆ ಸಮವಾಗಿರಬೇಕು. ಒಂದರಲ್ಲಿ ಕುಸಿದರೂ, ಇಂಜಿನ್ ನಿಲ್ಲಿಸಿ ವೈರಿಗೂ ಬಾಡಿಗೂ ಮೀಟರ್ ಇಟ್ಟಾಗ ‘ಬೀಪ್’ ಎಂದರೂ ಕಾಯಿಲ್ ಹೋಗಿದೆ. ಕಾಯಿಲ್ ಸರಿಯಿದ್ದರೆ ಅನುಮಾನ ರೆಗ್ಯುಲೇಟರ್ ಮೇಲೆ, ವೈರಿಂಗ್ ಮೇಲೆ.

ಮಲೆನಾಡಿನ ಗಾಡಿಗಳಲ್ಲಿ ಈ ವೈರಿಂಗನ್ನು ಸುಲಭಕ್ಕೆ ಬಿಡುವಂತಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯ ಮಳೆಯಲ್ಲಿ ನೆನೆದ ಗಾಡಿಯ ಕಪ್ಲರ್ ಬಿಚ್ಚಿದರೆ ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಅರ್ಥ್ ವೈರಿನ ಬೋಲ್ಟಿನಡಿ ತುಕ್ಕು. ಮರಳು ಕಾಗದದಲ್ಲಿ ಉಜ್ಜಿ ಬಿಗಿದರೆ, ಸತ್ತಿತೆಂದುಕೊಂಡ ಬ್ಯಾಟರಿ ಮರುದಿನದಿಂದ ಸರಿಯಾಗಿ ಚಾರ್ಜ್ ಆಗುವುದುಂಟು. ಅಲ್ಲೂ ದೋಷ ಸಿಗದಿದ್ದರೆ ಕೀ ಆಫ್ ಮಾಡಿ, ನೆಗೆಟಿವ್ ಬಿಚ್ಚಿ, ನಡುವೆ ಆ್ಯಮ್‌ಮೀಟರ್ ಸೇರಿಸುತ್ತಾರೆ. ಮೀಟರ್ ಕೆಲವೇ ಮಿಲಿಆ್ಯಂಪ್‌ ಮೀರಿ ತೋರಿಸಿದರೆ ಹೊರಗಿನಿಂದ ಹಾಕಿಸಿದ ಅಲಾರಂ, ಎಲ್‌ಇಡಿ, ಚಾರ್ಜರ್‌ಗಳನ್ನು ಒಂದೊಂದಾಗಿ ಬಿಡಿಸಿ ಕಳ್ಳನನ್ನು ಹಿಡಿಯುತ್ತಾರೆ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಹೊಸ ಬ್ಯಾಟರಿ ಕೂರಿಸಲು ಹತ್ತು ನಿಮಿಷ ಸಾಕು. ಆದರೆ ರೆಗ್ಯುಲೇಟರ್ ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಹಾಳು, ಗಿರಾಕಿಗೆ ಎರಡು ಸಲ ಖರ್ಚು. ಐಟಿಐ ಓದಿ ಬಂದವರಿರಲಿ, ಗ್ಯಾರೇಜಿನಲ್ಲೇ ಕಲಿತವರಿರಲಿ, ಅಳೆದು ಹೇಳುವ ಕೆಲಸಗಾರರು ನಮ್ಮೂರಿನ ಆಸ್ತಿ. ಅವರು ಕೇಳುವ ತಪಾಸಣೆಯ ಕೂಲಿಗೆ ಚೌಕಾಶಿ ಮಾಡಬೇಡಿ. ಬ್ಯಾಟರಿ ಬದಲಿಸಲೇಬೇಕಾಗಿ ಬಂದರೆ ಹಳೆಯದನ್ನು ಗುಜರಿಗೆ ಹಾಕದೆ ಮಾರಿದ ಅಂಗಡಿಗೇ ಮರಳಿಸಿ. ಅದರೊಳಗಿನ ಸೀಸ, ಆ್ಯಸಿಡ್ ತುಂಗೆ ಭದ್ರೆಯರ ನೀರಿಗೆ ಸೇರಬಾರದು.