ಕಿವಿಯ ಸಣ್ಣ ಶಸ್ತ್ರಚಿಕಿತ್ಸೆಯ ಅನಂತರ: ಸಹಜವಾದ ನೋವು ಯಾವುದು, ಅಪಾಯದ ಸೂಚನೆ ಯಾವುದು?

ಅಮಾಸೆಬೈಲು ಸಹ್ಯಾದ್ರಿಯ ತಪ್ಪಲಿನ ಊರು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಗದ್ದೆ, ತೋಟ, ಕೊಟ್ಟಿಗೆಗಳ ಕೆಲಸದಲ್ಲಿ ತಲೆ ನೆನೆಯದ ದಿನವೇ ವಿರಳ. ಇಂತಹ ಊರಿನ ಗೃಹಿಣಿಯೊಬ್ಬಳು ಕಿವಿಯ ತಮಟೆಯ ತೂತನ್ನು ಮುಚ್ಚುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದಳೆಂದು ಭಾವಿಸೋಣ. ಮೂರು ದಿನ ನೋವು ಇಳಿಯುತ್ತ ಬಂದಿತು. ಐದನೆಯ ದಿನ ರಾತ್ರಿ ಮತ್ತೆ ಏರಿತು. "ಕೊಯ್ದ ಗಾಯವಲ್ಲವೆ, ನೋವು ಇದ್ದೇ ಇರುತ್ತದೆ" ಎಂದು ಪತಿ ಸಮಾಧಾನ ಹೇಳಬಹುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡೋಣವೆಂದು ಅತ್ತೆ ಸೂಚಿಸಬಹುದು. ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೆ ಎರಡು ಮಾತೂ ತಪ್ಪು. ಅದು ಏಕೆಂಬುದನ್ನು ದಂಪತಿಗಳಿಬ್ಬರೂ ತಿಳಿದಿರುವುದು ಅವಶ್ಯ.

ಕಿವಿಯ ರಚನೆ

ಕಿವಿಯಲ್ಲಿ ಹೊರಕಿವಿ, ನಡುಕಿವಿ, ಒಳಕಿವಿ ಎಂದು ಮೂರು ಭಾಗಗಳಿವೆ. ಹೊರಕಿವಿಗೂ ನಡುಕಿವಿಗೂ ನಡುವೆ ಇರುವ ತೆಳುವಾದ ಪೊರೆಯೇ ತಮಟೆ. ನಡುಕಿವಿಯಲ್ಲಿ ಮೂರು ಪುಟ್ಟ ಎಲುಬುಗಳಿದ್ದು, ಅವು ಶಬ್ದವನ್ನು ಒಳಕ್ಕೆ ಸಾಗಿಸುತ್ತವೆ. ಮುಖದ ಸ್ನಾಯುಗಳನ್ನು ಆಡಿಸುವ ನರವು ಇದರ ಪಕ್ಕದಲ್ಲೇ ಹಾದುಹೋಗುತ್ತದೆ. ಒಳಕಿವಿಯು ಕೇಳುವ ಕೆಲಸವನ್ನಷ್ಟೇ ಅಲ್ಲದೆ ದೇಹದ ಸಮತೋಲವನ್ನೂ ಕಾಯುತ್ತದೆ. ತೆಳ್ಳನೆಯ ಎಲುಬಿನ ಆಚೆಗೆ ಮೆದುಳಿದೆ. ಆದುದರಿಂದ ಗಾಯ ಚಿಕ್ಕದಾದರೂ ಅದಿರುವ ಸ್ಥಳ ಸೂಕ್ಷ್ಮವಾದುದೆಂಬುದನ್ನು ಮರೆಯಬಾರದು.

ಸಾಮಾನ್ಯವಾದ ಶಸ್ತ್ರಚಿಕಿತ್ಸೆಗಳು

ಭಾರವಾದ ಓಲೆ, ಜುಮುಕಿಗಳಿಂದ ಹರಿದುಹೋದ ಕಿವಿಹಾಲೆಯನ್ನು ಹೊಲಿಯುವುದು ಇವುಗಳಲ್ಲಿ ಅತ್ಯಂತ ಸರಳವಾದುದು. ಮಕ್ಕಳ ನಡುಕಿವಿಯಲ್ಲಿ ದ್ರವ ನಿಂತು ಕೇಳಿಸುವುದು ಕಡಿಮೆಯಾದಾಗ ತಮಟೆಗೆ ಸಣ್ಣ ಕೊಳವೆಯನ್ನು ಇಡುವುದುಂಟು. ಅದು ಸಾಮಾನ್ಯವಾಗಿ 6 ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿಯೇ ಉದುರುತ್ತದೆ. ಬಹುಕಾಲ ಕಿವಿ ಸೋರಿ ತಮಟೆ ತೂತಾಗಿದ್ದರೆ, ರೋಗಿಯ ದೇಹದಿಂದಲೇ ತೆಳುಪೊರೆಯನ್ನು ತೆಗೆದು ತೇಪೆ ಹಾಕುತ್ತಾರೆ. ಇದಕ್ಕಾಗಿ ಅನೇಕ ವೇಳೆ ಕಿವಿಯ ಹಿಂದೆ ಕೊಯ್ಯಬೇಕಾಗುತ್ತದೆ.

ಸಹಜವಾದ ನೋವು

ಮೊದಲ ಎರಡು ಮೂರು ದಿನಗಳಲ್ಲಿ ನೋವಿರುವುದು ಸಹಜ. ತೇಪೆ ಹಾಕಿದವರಿಗೆ ಅಗಿಯುವಾಗ, ಆಕಳಿಸುವಾಗ ದವಡೆಯ ಬಳಿ ಸೆಳೆತ ಉಂಟಾಗಬಹುದು. ಕಿವಿಯೊಳಗೆ ಔಷಧದ ಬತ್ತಿ ತುಂಬಿರುವುದರಿಂದ ಕಿವಿ ಮುಚ್ಚಿದಂತೆ, ಒಳಗೆ ಟಪ್ ಟಪ್ ಎಂದಂತೆ ತೋರಬಹುದು. ರಕ್ತಮಿಶ್ರಿತ ನೀರು ಸ್ವಲ್ಪ ಒಸರಬಹುದು. ಕಿವಿಯ ಮೇಲ್ಭಾಗ ಕೆಲವು ವಾರಗಳ ಕಾಲ ಜೋಮು ಹಿಡಿದಂತಿರಬಹುದು. ನಾಲಿಗೆಯ ಒಂದು ಬದಿಗೆ ರುಚಿ ತಿಳಿಯದಿರುವುದೂ ಉಂಟು. ಇವೆಲ್ಲ ಬಹುಮಟ್ಟಿಗೆ ತಾವಾಗಿಯೇ ಕಡಿಮೆಯಾಗುತ್ತವೆ.

ನೋವಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಹೇಳಿದ ಅಂತರದಲ್ಲಿ ಸೇವಿಸತಕ್ಕದ್ದು. ಗರ್ಭಿಣಿಯರು ಹಾಗೂ ಮೊಲೆಯುಣಿಸುವ ತಾಯಂದಿರು ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ನೋವು ನಿಂತಿತೆಂದು ನಂಜುನಿವಾರಕ ಔಷಧವನ್ನು ಅರ್ಧಕ್ಕೆ ಬಿಡುವುದೂ ಸರಿಯಲ್ಲ.

ಅಪಾಯದ ಸೂಚನೆಗಳು

ನೆನಪಿಡಬೇಕಾದ ಸೂತ್ರವೊಂದೇ: ದಿನದಿಂದ ದಿನಕ್ಕೆ ಇಳಿಯುವ ನೋವು ಗಾಯ ಮಾಯುತ್ತಿರುವ ಗುರುತು, ಇಳಿದು ಮತ್ತೆ ಏರಿದ ನೋವು ನಂಜಿನ ಗುರುತಾಗಿರಬಹುದು. ಕೆಳಗಿನ ಯಾವುದೇ ಲಕ್ಷಣ ಕಂಡರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

1. ಜ್ವರ, ಅಥವಾ ದುರ್ವಾಸನೆಯುಳ್ಳ ಕೀವು.
2. ಕಿವಿಯ ಹಿಂದೆ ಊತ, ಅಥವಾ ಕಿವಿ ಮುಂದಕ್ಕೆ ಚಾಚಿಕೊಂಡಿರುವುದು.
3. ಇಡೀ ಕಿವಿ ಕೆಂಪೇರಿ, ಬಿಸಿಯಾಗಿ, ಮುಟ್ಟಗೊಡದಂತಾಗುವುದು. ಮೃದ್ವಸ್ಥಿಗೆ ನಂಜೇರಿದರೆ ಕಿವಿಯ ಆಕಾರವೇ ಕೆಡಬಹುದು.
4. ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ.
5. ಬಾಯಿ ಒಂದು ಬದಿಗೆ ವಾಲುವುದು, ಕಣ್ಣು ಮುಚ್ಚಲಾಗದಿರುವುದು.
6. ತಲೆಸುತ್ತಿ ನಿಲ್ಲಲಾಗದಿರುವುದು, ಕೇಳಿಸುವುದು ಹಠಾತ್ತನೆ ಕುಗ್ಗುವುದು.
7. ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿಯುವುದು, ಮಂಪರು.

ಕೊನೆಯದು ನಂಜು ಮೆದುಳಿನ ಪೊರೆಗೆ ಹರಡಿರಬಹುದೆಂಬುದರ ಸೂಚನೆ. ಇಂತಹ ಸಂದರ್ಭದಲ್ಲಿ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ವಾಹನ ತರಿಸಿಕೊಳ್ಳಬೇಕು. ಮಧುಮೇಹವುಳ್ಳವರಲ್ಲಿ ನಂಜು ಬೇಗ ಹರಡುವುದರಿಂದ ಅವರಿಗೆ ಹೆಚ್ಚಿನ ಎಚ್ಚರ ಅಗತ್ಯ.

ನೀರು ಮತ್ತು ಎಣ್ಣೆ

ತಮಟೆ ಮಾಯುವ ಮೊದಲು ಒಳಹೋದ ನೀರು ರೋಗಾಣುಗಳನ್ನು ನಡುಕಿವಿಗೆ ಒಯ್ಯುತ್ತದೆ. ಎಣ್ಣೆ, ಸೊಪ್ಪಿನ ರಸ, ಎದೆಹಾಲು ಇವೂ ಅಷ್ಟೇ ಹಾನಿಕರ, ತೇಪೆಯೂ ಕಿತ್ತುಬರಬಹುದು. ವೈದ್ಯರು ಒಪ್ಪುವವರೆಗೆ ತಲೆಗೆ ಸ್ನಾನ ಬೇಡ. ಅನಂತರವೂ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟುಕೊಂಡೇ ಸ್ನಾನ ಮಾಡಬೇಕು. ಹೊಳೆಯಲ್ಲಿ ಮುಳುಗುವುದನ್ನು ನಿಲ್ಲಿಸಬೇಕು. ದೀಪಾವಳಿಯ ಎಣ್ಣೆಸ್ನಾನವನ್ನು ಒಂದು ವರ್ಷ ಬಿಟ್ಟರೆ ದೋಷವಿಲ್ಲ. ಮೂಗನ್ನು ಬಲವಾಗಿ ಸೀನಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಹುಲಿಕಲ್ ಘಾಟಿಯನ್ನು ಹತ್ತಿಳಿಯುವ ಪ್ರಯಾಣದಲ್ಲಿ ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುವುದರಿಂದ, ತೇಪೆ ಹಾಕಿಸಿಕೊಂಡವರು ಮೊದಲ ವಾರಗಳಲ್ಲಿ ಅದನ್ನು ಮುಂದೂಡುವುದು ಲೇಸು.

ಹಾಲೆ ಹೊಲಿಸಿಕೊಂಡವರು ಕೆಲವು ತಿಂಗಳು ಕಳೆದ ಮೇಲೆ, ವೈದ್ಯರನ್ನು ಕೇಳಿಯೇ ಮತ್ತೆ ಕಿವಿ ಚುಚ್ಚಿಸಬೇಕು. ಹಗುರವಾದ ಓಲೆಯನ್ನೇ ಧರಿಸಬೇಕು. ಗಾಯದ ಕಲೆ ಗಂಟಾಗಿ ಬೆಳೆದರೆ ಅದನ್ನು ಕೊಯ್ಯಬಾರದು, ಸುಡಬಾರದು, ವೈದ್ಯರಿಗೆ ತೋರಿಸಬೇಕು.

ದಂಪತಿಗಳ ಹೊಣೆ

ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ನೀರು ಹೊರುವ, ಹುಲ್ಲಿನ ಹೊರೆ ತರುವ ಕೆಲಸವನ್ನು ಪತಿ ವಹಿಸಿಕೊಳ್ಳಬೇಕು. ಪತಿಗೆ ಆಗಿದ್ದರೆ ಅವನು ಗಾಯ ಮಾಯುವವರೆಗೆ ಬೀಡಿಯನ್ನು ಬಿಡಬೇಕು. ಹೊಗೆ ತೇಪೆ ಕೂಡುವುದಕ್ಕೆ ಅಡ್ಡಿ. ಮಳೆಗಾಲ ಮುಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಬಹುದೆ ಎಂದು ವೈದ್ಯರನ್ನು ಕೇಳುವುದು ಜಾಣತನ. ಆಸ್ಪತ್ರೆಯ ಚೀಟಿಯನ್ನೂ ತಪಾಸಣೆಯ ದಿನಾಂಕವನ್ನೂ ಇಬ್ಬರೂ ತಿಳಿದಿರಲಿ.

ಮೊದಲು ಹೇಳಿದ ಮನೆಯಲ್ಲಿ ಆ ರಾತ್ರಿ ಆಗಬೇಕಾದುದು ಇಷ್ಟೆ: ಎಣ್ಣೆಯ ಬಟ್ಟಲನ್ನು ಬದಿಗಿಟ್ಟು, ಜ್ವರವಿದೆಯೇ, ಕೀವಿದೆಯೇ, ಮುಖ ವಾಲಿದೆಯೇ ಎಂದು ಪತಿ ದೀಪದ ಬೆಳಕಿನಲ್ಲಿ ನೋಡಬೇಕು. ಗಂಡಾಂತರದ ಲಕ್ಷಣವಿದ್ದರೆ ಒಡನೆಯೇ, ಇಲ್ಲದಿದ್ದರೆ ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ, ಇಬ್ಬರೂ ಆಸ್ಪತ್ರೆಗೆ ಹೊರಡಬೇಕು. ಸಕಾಲದ ಈ ಒಂದು ಪ್ರಯಾಣ ಜೀವನಪರ್ಯಂತದ ಕಿವುಡುತನವನ್ನು ತಪ್ಪಿಸಬಲ್ಲದು.